ಪಶ್ಚಿಮ ಬೆಂಗಳೂರಿನ ರಾತ್ರಿ ಊಟ: ಎಲ್ಲಿ, ಎಷ್ಟು ಹೊತ್ತಿನವರೆಗೆ, ಯಾರಿಗೆ?

ಬೆಂಗಳೂರು: ರಾಜಧಾನಿಯ ರಾತ್ರಿ ಜೀವನವೆಂದರೆ ಮಹಾತ್ಮ ಗಾಂಧಿ ರಸ್ತೆ, ಬ್ರಿಗೇಡ್ ರಸ್ತೆ, ಇಂದಿರಾನಗರ, ಕೋರಮಂಗಲ ಎಂಬ ಮಾತು ಬಹುಕಾಲದಿಂದ ರೂಢಿಯಲ್ಲಿದೆ. ರಾಜಾಜಿನಗರ, ಬಸವೇಶ್ವರನಗರ, ವಿಜಯನಗರ, ಕೆಂಗೇರಿಗಳನ್ನು ಒಳಗೊಂಡ ಪಶ್ಚಿಮ ಭಾಗವು ಹೊತ್ತಿಗೆ ಸರಿಯಾಗಿ ಉಂಡು ಬಾಗಿಲು ಹಾಕಿಕೊಳ್ಳುವ ಸಂಸಾರಸ್ಥರ ಬಡಾವಣೆಗಳ ಸಾಲು ಎಂದೇ ಹೆಸರಾಗಿತ್ತು. ಕಳೆದ ಒಂದೂವರೆ ದಶಕದಲ್ಲಿ ಈ ಚಿತ್ರ ಬದಲಾಗಿದೆ. ಮೆಟ್ರೋ ರೈಲು ಬಂದಿದೆ, ಮಾಲ್‌ಗಳು ತಲೆಯೆತ್ತಿವೆ, ರಾತ್ರಿ 1 ಗಂಟೆಯವರೆಗೆ ವಹಿವಾಟು ನಡೆಸಲು ಸರ್ಕಾರದ ಅನುಮತಿಯೂ ದೊರೆತಿದೆ.

ಆದರೆ ಅಂಗಡಿ ತೆರೆದಿರುವುದು ಒಂದು ವಿಷಯ. ಅಲ್ಲಿಗೆ ಹೋಗಿ ಉಂಡು ಕ್ಷೇಮವಾಗಿ ಮನೆ ಸೇರುವುದು ಮತ್ತೊಂದು. ಪಶ್ಚಿಮ ಭಾಗದ ರಾತ್ರಿ ಊಟದ ತಾಣಗಳು, ಅವುಗಳಿಗೆ ಅನ್ವಯವಾಗುವ ನಿಯಮಗಳು ಹಾಗೂ ಮರಳುವ ದಾರಿಯ ಕುರಿತ ಮಾಹಿತಿಯನ್ನು ಓದುಗರ ಅನುಕೂಲಕ್ಕಾಗಿ ಇಲ್ಲಿ ಕ್ರೋಡೀಕರಿಸಲಾಗಿದೆ.

ಹಿನ್ನೆಲೆ: ಪಾಳಿಯ ದುಡಿಮೆಯ ಊರು

ಪಶ್ಚಿಮ ಬೆಂಗಳೂರಿಗೆ ರಾತ್ರಿ ಹೊಸತೇನಲ್ಲ. ಮಾಗಡಿ ರಸ್ತೆಯ ಆಸುಪಾಸಿನ ಜನ ಬಿನ್ನಿ ಗಿರಣಿಯ ಪಾಳಿಗೆ ಹೊಂದಿಕೊಂಡು ಬದುಕಿದವರು. ಸ್ವಾತಂತ್ರ್ಯಾನಂತರ ರೂಪುಗೊಂಡ ರಾಜಾಜಿನಗರಕ್ಕೆ ಸಿ. ರಾಜಗೋಪಾಲಾಚಾರಿ ಅವರ ಹೆಸರಿಡಲಾಯಿತು. ಬಡಾವಣೆಯ ಜೊತೆಜೊತೆಗೇ ಕೈಗಾರಿಕಾ ವಸಾಹತೂ ಬೆಳೆಯಿತು. ಮೈಸೂರು ಸ್ಯಾಂಡಲ್ ಸಾಬೂನಿನ ಕಾರ್ಖಾನೆ 1957ರಲ್ಲಿ ಈ ಭಾಗಕ್ಕೆ ಸ್ಥಳಾಂತರಗೊಂಡಿತು. ಇಂದು ಮೆಟ್ರೋ ಹಸಿರು ಮಾರ್ಗದ ನಿಲ್ದಾಣವೊಂದಕ್ಕೆ ಅದೇ ಕಾರ್ಖಾನೆಯ ಹೆಸರಿದೆ. ವಾಯವ್ಯದಲ್ಲಿ ಪೀಣ್ಯ, ಮಾಗಡಿ ರಸ್ತೆಯಲ್ಲಿ ಕಾಮಾಕ್ಷಿಪಾಳ್ಯದ ಲೇತ್ ಯಂತ್ರಗಳ ಸಣ್ಣ ಘಟಕಗಳು ಸಾವಿರಾರು ಕೈಗಳಿಗೆ ಕೆಲಸ ಕೊಟ್ಟವು.

ಎರಡನೇ ಪಾಳಿ ಮುಗಿಸಿ ಬರುವ ಕಾರ್ಮಿಕ, ಸಿನಿಮಾದ ಎರಡನೇ ಆಟ ನೋಡಿ ಹೊರಬರುವ ಪ್ರೇಕ್ಷಕ, ಯಶವಂತಪುರದ ಮಾರುಕಟ್ಟೆಗೆ ಸರಕು ತರುವ ಲಾರಿ ಚಾಲಕ ಇವರೇ ಈ ಭಾಗದ ರಾತ್ರಿ ಊಟದ ಮೊದಲ ಗಿರಾಕಿಗಳು. ತಳ್ಳುಗಾಡಿಯ ಎಗ್ ರೈಸ್, ಮಿಲಿಟರಿ ಹೋಟೆಲಿನ ಮುದ್ದೆ ಮತ್ತು ಕಾಲು ಸೂಪು, ರಾತ್ರಿ ಹನ್ನೊಂದರ ಬಿಸಿ ಬಾದಾಮಿ ಹಾಲು ಇವೆಲ್ಲ ಅವರ ಹಸಿವಿಗೆ ಹುಟ್ಟಿದ ವ್ಯವಸ್ಥೆಗಳು. ಪ್ರವಾಸಿಗರಿಗಾಗಿ ಕಟ್ಟಿದ ರಾತ್ರಿ ಇದಲ್ಲ ಎಂಬುದನ್ನು ಮೊದಲಿಗೇ ಗಮನಿಸಬೇಕು.

ರಾಜಾಜಿನಗರ: ಮಾಲ್, ಮಂದಿರ ಮತ್ತು ವೃತ್ತ

ರಾಜಾಜಿನಗರದಲ್ಲಿ ಮೂರು ಬಗೆಯ ಸಂಜೆಗಳು ಒಂದೇ ಪರಿಸರದಲ್ಲಿ ನಡೆಯುತ್ತವೆ. ಡಾ. ರಾಜ್‌ಕುಮಾರ್ ರಸ್ತೆಯ ಬ್ರಿಗೇಡ್ ಗೇಟ್‌ವೇ ಆವರಣದಲ್ಲಿ 2011ರಲ್ಲಿ ಶೆರಟಾನ್ ಪಂಚತಾರಾ ಹೋಟೆಲ್, 2012ರಲ್ಲಿ ಒರಾಯನ್ ಮಾಲ್ ಆರಂಭಗೊಂಡವು. ಚಿತ್ರಮಂದಿರ, ಆಹಾರ ಅಂಗಣ, ಮದ್ಯ ಸಿಗುವ ಉಪಾಹಾರ ಗೃಹಗಳು ಒಂದೇ ಸೂರಿನಡಿ ಬಂದದ್ದರಿಂದ ಸಂಜೆ ಕಳೆಯಲು ನಗರದ ಮಧ್ಯಭಾಗಕ್ಕೆ ಹೋಗಬೇಕೆಂಬ ಅನಿವಾರ್ಯತೆ ಈ ಭಾಗದ ಯುವಜನರಿಗೆ ತಪ್ಪಿತು.

ಅಲ್ಲಿಂದ ಅನತಿ ದೂರದಲ್ಲಿ, ಪಶ್ಚಿಮ ಕಾರ್ಡ್ ರಸ್ತೆಯ ಗುಡ್ಡದ ಮೇಲೆ, 1997ರಲ್ಲಿ ಉದ್ಘಾಟನೆಗೊಂಡ ಇಸ್ಕಾನ್ ಮಂದಿರವಿದೆ. ಅದರ ಹೈಯರ್ ಟೇಸ್ಟ್ ಭೋಜನಾಲಯದಲ್ಲಿ ಈರುಳ್ಳಿ, ಬೆಳ್ಳುಳ್ಳಿಯಿಲ್ಲದ ಸಸ್ಯಾಹಾರ ಮಾತ್ರ ಲಭ್ಯ. ಹಿರಿಯರನ್ನು ಕರೆದುಕೊಂಡು ಹೊರಗೆ ಉಣ್ಣಬಯಸುವ ಕುಟುಂಬಗಳಿಗೆ ಇದೊಂದು ಪರ್ಯಾಯ.

ಮೂರನೆಯದು ಬೀದಿಯ ಸಂಜೆ. ಭಾಷ್ಯಂ ವೃತ್ತ, ನವರಂಗ್ ಚಿತ್ರಮಂದಿರದ ಸುತ್ತಮುತ್ತ ಇಳಿಹೊತ್ತಿಗೆ ಬಜ್ಜಿ, ಬೋಂಡ, ಚುರುಮುರಿ, ನಿಪ್ಪಟ್ಟು ಮಸಾಲೆಯ ಗಾಡಿಗಳು ನಿಲ್ಲುತ್ತವೆ. ನಿಂತು ತಿನ್ನುವ ಈ ಅಭ್ಯಾಸಕ್ಕೆ ದರ್ಶಿನಿಗಳೂ ಬಲ ಕೊಟ್ಟವು. 1983ರಲ್ಲಿ ಜಯನಗರದಲ್ಲಿ ಆರಂಭವಾದ ಕೆಫೆ ದರ್ಶಿನಿಯ ಮಾದರಿಯು ಕೆಲವೇ ವರ್ಷಗಳಲ್ಲಿ ನಗರದ ಎಲ್ಲ ಬಡಾವಣೆಗಳನ್ನೂ ಮುಟ್ಟಿತು. ಕಡಿಮೆ ಜಾಗ, ಕಡಿಮೆ ಸಿಬ್ಬಂದಿ, ಬೇಗ ಸಿಗುವ ಬಿಸಿ ತಿಂಡಿ ಎಂಬ ಲೆಕ್ಕಾಚಾರ ಪಶ್ಚಿಮದ ಮಧ್ಯಮ ವರ್ಗಕ್ಕೆ ಒಗ್ಗಿತು. ಆದರೆ ಹೆಚ್ಚಿನ ದರ್ಶಿನಿಗಳು ಬೆಳಗಿನ ಜಾವ ಒಲೆ ಹಚ್ಚುವುದರಿಂದ ರಾತ್ರಿ ಹತ್ತರ ಹೊತ್ತಿಗೆ ಮುಚ್ಚುತ್ತವೆ. ಹತ್ತರ ನಂತರ ಸಸ್ಯಾಹಾರಿಗಳಿಗೆ ಆಯ್ಕೆ ಕಿರಿದಾಗುತ್ತದೆ.

ಬಸವೇಶ್ವರನಗರ: ಮನೆಮಂದಿಯ ಸಂಜೆ

ಬಸವೇಶ್ವರನಗರದಲ್ಲಿ ರಾತ್ರಿ ಜೀವನಕ್ಕಿಂತ ಸಂಜೆಯ ಜೀವನವೇ ಪ್ರಧಾನ. ರಾಜ್ಯದ ಮೊದಲ ಹಿಂದುಳಿದ ವರ್ಗಗಳ ಆಯೋಗದ ಅಧ್ಯಕ್ಷರಾಗಿದ್ದ ಎಲ್.ಜಿ. ಹಾವನೂರರ ಹೆಸರಿನ ಹಾವನೂರು ವೃತ್ತದ ಸುತ್ತ ಮಸಾಲೆ ಪುರಿ, ಪಾನಿಪುರಿ, ಗೋಬಿ ಮಂಚೂರಿ ಅಂಗಡಿಗಳು ಸಂಜೆ ಐದರಿಂದ ತುಂಬಿರುತ್ತವೆ. ಬಟಾಣಿಯ ಬಿಸಿ ಗ್ರೇವಿಯಲ್ಲಿ ಮುರಿದ ಪುರಿ ಹಾಕಿ ಕೊಡುವ ಮಸಾಲೆ ಪುರಿ ಬೆಂಗಳೂರಿನದೇ ಆದ ರುಚಿ. ಬಣ್ಣವಿಲ್ಲದ ತಿಳಿನೀರಿನ ಬಂಗಾರಪೇಟೆ ಪಾನಿಪುರಿ ಈಚಿನ ವರ್ಷಗಳ ಸೇರ್ಪಡೆ.

ಇಲ್ಲಿ ಗಿರಾಕಿಗಳೆಂದರೆ ಶಾಲೆ ಮುಗಿಸಿದ ಮಕ್ಕಳು, ಕಚೇರಿಯಿಂದ ಮರಳುವ ದಂಪತಿ, ವಾಯುವಿಹಾರಕ್ಕೆ ಹೊರಟ ಹಿರಿಯರು. ಒಂಬತ್ತೂವರೆಗೆ ಬೀದಿ ಖಾಲಿಯಾಗತೊಡಗುತ್ತದೆ. ಮನೆಗಳ ನಡುವೆಯೇ ಹೊಸ ಹೋಟೆಲುಗಳು ಬರುತ್ತಿರುವುದರಿಂದ ವಾಹನ ನಿಲುಗಡೆ, ಸದ್ದು, ಕಸದ ಕುರಿತು ನಿವಾಸಿಗಳ ತಕರಾರೂ ಇದೆ. ಶಬ್ದ ಮಾಲಿನ್ಯ ನಿಯಂತ್ರಣ ನಿಯಮಗಳ (2000) ಪ್ರಕಾರ ವಸತಿ ಪ್ರದೇಶದಲ್ಲಿ ಶಬ್ದದ ಮಿತಿ ಹಗಲಿನಲ್ಲಿ 55 ಡೆಸಿಬಲ್, ರಾತ್ರಿ 45 ಡೆಸಿಬಲ್. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ತೆರೆದ ಜಾಗದಲ್ಲಿ ಧ್ವನಿವರ್ಧಕಕ್ಕೆ ಅವಕಾಶವಿಲ್ಲ. ಅಣ್ಣಮ್ಮ ದೇವಿ ಉತ್ಸವ, ಗಣೇಶೋತ್ಸವ, ರಾಜ್ಯೋತ್ಸವಗಳ ವಾದ್ಯಗೋಷ್ಠಿಗೂ ಇದೇ ನಿಯಮ.

ವಿಜಯನಗರ: ರೊಟ್ಟಿ ಊಟ ಮತ್ತು ಓದಿನ ರಾತ್ರಿ

ವಿಜಯನಗರ, ಹಂಪಿನಗರ, ಅತ್ತಿಗುಪ್ಪೆ, ಚಂದ್ರಾ ಬಡಾವಣೆಗಳ ರಾತ್ರಿಗೆ ಬೇರೆಯದೇ ಕಾರಣವಿದೆ. ಕೆಎಎಸ್, ಐಎಎಸ್, ಪಿಎಸ್‌ಐ ಮುಂತಾದ ಸ್ಪರ್ಧಾತ್ಮಕ ಪರೀಕ್ಷೆಗಳ ತರಬೇತಿ ಕೇಂದ್ರಗಳು ಇಲ್ಲಿ ಸಾಲುಗಟ್ಟಿವೆ. ಕಲಬುರಗಿ, ವಿಜಯಪುರ, ರಾಯಚೂರು, ಬೆಳಗಾವಿ, ಹಾವೇರಿ ಕಡೆಯಿಂದ ಬಂದ ಅಭ್ಯರ್ಥಿಗಳು ಪಿಜಿಗಳಲ್ಲಿ, ಬಾಡಿಗೆ ಕೋಣೆಗಳಲ್ಲಿ ನೆಲೆಸಿದ್ದಾರೆ. ಹಂಪಿನಗರದ ನಗರ ಕೇಂದ್ರ ಗ್ರಂಥಾಲಯದಲ್ಲಿ ಹಗಲು, ಖಾಸಗಿ ವಾಚನಾಲಯಗಳಲ್ಲಿ ರಾತ್ರಿ ಎಂಬುದು ಅನೇಕರ ದಿನಚರಿ.

ಇವರ ಬೆನ್ನಿಗೇ ಉತ್ತರ ಕರ್ನಾಟಕದ ಖಾನಾವಳಿಗಳೂ ಬಂದವು. ಜೋಳದ ರೊಟ್ಟಿ, ಎಣ್ಣೆಗಾಯಿ ಪಲ್ಯ, ಮೊಳಕೆ ಕಾಳು, ಶೇಂಗಾ ಚಟ್ನಿ, ಮೊಸರು ಇರುವ ಊಟ ಊರಿನ ನೆನಪನ್ನೂ ಹೊಟ್ಟೆಯ ಹಸಿವನ್ನೂ ಒಟ್ಟಿಗೆ ತಣಿಸುತ್ತದೆ. ತಿಂಗಳ ಲೆಕ್ಕಕ್ಕೆ ಊಟ ಕೊಡುವ ಮೆಸ್‌ಗಳೂ ಇವೆ. ಮನೆಯಿಂದ ಬರುವ ಹಣದಲ್ಲಿ ಕೋಣೆಯ ಬಾಡಿಗೆ, ತರಬೇತಿ ಶುಲ್ಕ ಕಳೆದು ಉಳಿದದ್ದೇ ಊಟಕ್ಕೆ. ಆದ್ದರಿಂದ ರೊಟ್ಟಿಯ ಬೆಲೆ ಐದು ರೂಪಾಯಿ ಏರಿದರೂ ಇಲ್ಲಿ ಅದು ದೊಡ್ಡ ಸುದ್ದಿ.

ಚಾಟ್ ಅಂಗಡಿಗಳ ತಿಂಡಿ ಬೀದಿ, ದೊನ್ನೆ ಬಿರಿಯಾನಿ ಹೋಟೆಲುಗಳು ವಿಜಯನಗರದ ಮತ್ತೊಂದು ಮುಖ. ಜೀರಿಗೆ ಸಾಂಬಾ ಅಕ್ಕಿ, ಪುದೀನ ಮತ್ತು ಕೊತ್ತಂಬರಿಯ ಹಸಿರು ಮಸಾಲೆಯಲ್ಲಿ ಬೆಂದು ಎಲೆಯ ದೊನ್ನೆಯಲ್ಲಿ ಬರುವ ಈ ಬಿರಿಯಾನಿ ಹಳೆಯ ಮಿಲಿಟರಿ ಹೋಟೆಲುಗಳ ಕೊಡುಗೆ. ಅದರ ಜೊತೆಗೆ ನಾಟಿಕೋಳಿ ಸಾರು, ಬೋಟಿ ಗೊಜ್ಜು, ಕೈಮಾ ಉಂಡೆಗಳಿಗೂ ಬೇಡಿಕೆ ಇದೆ.

ಕೆಂಗೇರಿ: ಹೆದ್ದಾರಿಯ ಊಟ

ಕೆಂಗೇರಿ ಒಂದು ಕಾಲಕ್ಕೆ ಬೆಂಗಳೂರಿನಿಂದ ಮೈಸೂರಿಗೆ ಹೊರಟವರ ಮೊದಲ ನಿಲುಗಡೆ. ಈಗ ಅದು ನಗರದೊಳಗೇ ಸೇರಿದೆ. ಆರ್.ವಿ. ಇಂಜಿನಿಯರಿಂಗ್ ಕಾಲೇಜು, ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿ ಆವರಣ, ಮೈಸೂರು ರಸ್ತೆಯ ಸಾಫ್ಟ್‌ವೇರ್ ಕಚೇರಿಗಳು ಸಮೀಪದಲ್ಲೇ ಇರುವುದರಿಂದ ಕೆಂಗೇರಿ ಉಪನಗರದ ಸುತ್ತ ಕೆಫೆ, ಕಬಾಬ್ ಅಂಗಡಿ, ಢಾಬಾಗಳು ಹೆಚ್ಚಿವೆ. 2005ರಲ್ಲಿ ಬಿಡದಿ ಬಳಿ ವಂಡರ್‌ಲಾ ಉದ್ಯಾನ ಆರಂಭವಾದ ಬಳಿಕ ವಾರಾಂತ್ಯದ ವಿಹಾರಿಗಳ ಸಂಖ್ಯೆಯೂ ಏರಿತು.

ಹೆದ್ದಾರಿಯ ಊಟಕ್ಕೆ 2023ರ ಮಾರ್ಚ್‌ನಲ್ಲಿ ಹೊಸ ತಿರುವು ಬಂದಿತು. ಬೆಂಗಳೂರು–ಮೈಸೂರು ದಶಪಥ ಹೆದ್ದಾರಿ ಆ ತಿಂಗಳ 12ರಂದು ಉದ್ಘಾಟನೆಗೊಂಡಿತು. ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ ಪಟ್ಟಣಗಳನ್ನು ಬಳಸಿ ಸಾಗುವ ಈ ರಸ್ತೆಯಿಂದ ಪಯಣದ ಸಮಯ ಉಳಿಯಿತು. ಆದರೆ ತಟ್ಟೆ ಇಡ್ಲಿಗೆ ಹೆಸರಾದ ಬಿಡದಿ, ವಡೆಗೆ ಹೆಸರಾದ ಮದ್ದೂರಿನ ಹಳೆ ರಸ್ತೆಯ ಹೋಟೆಲುಗಳು ದಾರಿಹೋಕ ಗಿರಾಕಿಗಳನ್ನು ಕಳೆದುಕೊಂಡವು. 2023ರ ಆಗಸ್ಟ್ 1ರಿಂದ ದ್ವಿಚಕ್ರ ವಾಹನ ಹಾಗೂ ಆಟೋಗಳಿಗೆ ಮುಖ್ಯ ಪಥದಲ್ಲಿ ಪ್ರವೇಶ ನಿಷೇಧಿಸಲಾಯಿತು. ಹಾಗಾಗಿ ಬೈಕಿನಲ್ಲಿ ತಟ್ಟೆ ಇಡ್ಲಿ ತಿನ್ನಲು ಹೊರಡುವವರು ಸೇವಾ ರಸ್ತೆಯನ್ನೇ ಹಿಡಿಯಬೇಕು.

ಕಾನೂನಿನ ಗಡಿಯಾರ

ಬೆಂಗಳೂರಿನಲ್ಲಿ ಬಾರ್ ಮತ್ತು ಹೋಟೆಲುಗಳು ರಾತ್ರಿ 11.30ಕ್ಕೆ ಮುಚ್ಚಬೇಕೆಂಬ ಕಟ್ಟುಪಾಡು ವರ್ಷಗಳ ಕಾಲ ಜಾರಿಯಲ್ಲಿತ್ತು. 2014ರಲ್ಲಿ ಪ್ರಾಯೋಗಿಕವಾಗಿ ವಾರಾಂತ್ಯಕ್ಕೆ 1 ಗಂಟೆಯವರೆಗೆ ಸಡಿಲಿಕೆ ದೊರೆಯಿತು. 2021ರ ಜನವರಿಯಲ್ಲಿ ಹೊರಡಿಸಿದ ಆದೇಶವು 10 ಅಥವಾ ಹೆಚ್ಚು ನೌಕರರಿರುವ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳು ದಿನದ 24 ಗಂಟೆ ತೆರೆದಿರಲು ಮೂರು ವರ್ಷಗಳ ಅನುಮತಿ ನೀಡಿತು. ರಾತ್ರಿ 8ರ ನಂತರ ಮಹಿಳೆಯರಿಂದ ಕೆಲಸ ಮಾಡಿಸಲು ಅವರ ಲಿಖಿತ ಒಪ್ಪಿಗೆ ಬೇಕೆಂಬ ಷರತ್ತೂ ಅದರಲ್ಲಿತ್ತು. ಗಂಡ, ಹೆಂಡತಿ, ಒಬ್ಬ ಹುಡುಗ ಸೇರಿ ನಡೆಸುವ ತಿಂಡಿ ಅಂಗಡಿಗೆ ಈ ಆದೇಶದ ಪ್ರಯೋಜನ ತಲುಪಲಿಲ್ಲ.

2024ರ ಜುಲೈ ಅಂತ್ಯದಲ್ಲಿ ಹೊರಬಿದ್ದ ಅಧಿಸೂಚನೆಯು ಆಗಿನ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ವ್ಯಾಪ್ತಿಯ ಹೋಟೆಲ್, ಅಂಗಡಿ, ಬಾರ್‌ಗಳಿಗೆ ರಾತ್ರಿ 1ರವರೆಗೆ ಅವಕಾಶ ಕಲ್ಪಿಸಿತು. ಬಾರ್ ಮತ್ತು ರೆಸ್ಟೋರೆಂಟ್‌ಗಳಿಗೆ (ಸಿಎಲ್–9) ಬೆಳಿಗ್ಗೆ 10ರಿಂದ ರಾತ್ರಿ 1, ಕ್ಲಬ್, ತಾರಾ ಹೋಟೆಲ್ ಮತ್ತು ವಸತಿಗೃಹಗಳಿಗೆ ಬೆಳಿಗ್ಗೆ 9ರಿಂದ ರಾತ್ರಿ 1 ಎಂದು ವೇಳೆ ಗೊತ್ತುಪಡಿಸಲಾಯಿತು. 2025ರ ಸೆಪ್ಟೆಂಬರ್‌ನಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದಡಿ ಐದು ನಗರ ಪಾಲಿಕೆಗಳು ಅಸ್ತಿತ್ವಕ್ಕೆ ಬಂದವು. ಪಶ್ಚಿಮ ನಗರ ಪಾಲಿಕೆ ಅವುಗಳಲ್ಲೊಂದು.

ಮದ್ಯ ಮಾರುವ ಚಿಲ್ಲರೆ ಅಂಗಡಿಗಳಲ್ಲಿ (ಸಿಎಲ್–2) ಕೊಂಡೊಯ್ಯಬಹುದೇ ಹೊರತು ನಿಂತು ಕುಡಿಯುವಂತಿಲ್ಲ. ರಾಜ್ಯದ ಅಬಕಾರಿ ನಿಯಮದ ಪ್ರಕಾರ 21 ವರ್ಷದೊಳಗಿನವರಿಗೆ ಮದ್ಯ ಮಾರುವಂತಿಲ್ಲ. 2011ರಿಂದ ನಗರದಲ್ಲಿ ಕಾಣಿಸಿಕೊಂಡ ಕಿರು ಬಿಯರ್ ತಯಾರಿಕಾ ಘಟಕಗಳಿಗೂ ಇದೇ ವಯೋಮಿತಿ. ಕುಡಿದು ವಾಹನ ಚಲಾಯಿಸಿ ಮೊದಲ ಸಲ ಸಿಕ್ಕಿಬಿದ್ದರೆ 10,000 ರೂ.ವರೆಗೆ ದಂಡ, ಆರು ತಿಂಗಳವರೆಗೆ ಸೆರೆವಾಸ ಅಥವಾ ಎರಡೂ ಕಾದಿವೆ.

ಪ್ರವೇಶ ಯಾರಿಗೆ?

ಸಮಯದ ಮಿತಿ ಸಡಿಲಗೊಂಡ ಅದೇ ಜುಲೈ ತಿಂಗಳಲ್ಲಿ ಮಾಗಡಿ ರಸ್ತೆಯಲ್ಲಿ ನಡೆದ ಘಟನೆಯೊಂದು ಬೇರೆಯೇ ಪ್ರಶ್ನೆಯನ್ನು ಎತ್ತಿತು. ಹಾವೇರಿ ಕಡೆಯ ವೃದ್ಧ ರೈತರೊಬ್ಬರು ಮಗನೊಡನೆ ಸಿನಿಮಾ ನೋಡಲು ಜಿ.ಟಿ. ಮಾಲ್‌ಗೆ ಬಂದಾಗ, ಪಂಚೆ ಉಟ್ಟಿದ್ದಾರೆಂಬ ಕಾರಣಕ್ಕೆ ಅವರನ್ನು ಬಾಗಿಲಲ್ಲೇ ತಡೆಯಲಾಯಿತು. ಕನ್ನಡಪರ ಹಾಗೂ ರೈತ ಸಂಘಟನೆಗಳು ಪ್ರತಿಭಟಿಸಿದವು. ವಿಧಾನಸಭೆಯಲ್ಲಿ ವಿಷಯ ಪ್ರಸ್ತಾಪವಾಯಿತು. ಮಾಲ್ ಅನ್ನು ಏಳು ದಿನ ಮುಚ್ಚಿಸುವುದಾಗಿ ಸರ್ಕಾರ ಪ್ರಕಟಿಸಿತು. ಮಾಲ್ ಆಡಳಿತ ಕ್ಷಮೆ ಯಾಚಿಸಿತು.

ವಿಜಯನಗರದ ಕೋಣೆಗಳಲ್ಲಿರುವ ನೂರಾರು ಅಭ್ಯರ್ಥಿಗಳ ತಂದೆಯರು ಪಂಚೆ ಉಡುವವರೇ. ಮಗನ ಊರು ನೋಡಲು ಬಂದವರಿಗೆ ಒಂದು ಸಂಜೆಯ ಸುತ್ತಾಟ ನಿರಾಕರಣೆಯಾಗುವುದಾದರೆ, ಎಷ್ಟು ಗಂಟೆಯವರೆಗೆ ಬಾಗಿಲು ತೆರೆದಿದ್ದರೇನು ಎಂಬ ಪ್ರಶ್ನೆ ಸಹಜವಾದುದು.

ಬೀದಿಬದಿ ವ್ಯಾಪಾರಿಗಳ ಸ್ಥಿತಿ

ಪಶ್ಚಿಮದ ರಾತ್ರಿ ಊಟದ ದೊಡ್ಡ ಪಾಲು ಬೀದಿಬದಿಯಲ್ಲೇ ಬೇಯುತ್ತದೆ. 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆಯ ಪ್ರಕಾರ ಸಮೀಕ್ಷೆ ಮುಗಿದು ಪ್ರಮಾಣಪತ್ರ ನೀಡುವವರೆಗೆ ವ್ಯಾಪಾರಿಗಳನ್ನು ಎಬ್ಬಿಸುವಂತಿಲ್ಲ. ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇ 40ರಷ್ಟು ಸದಸ್ಯರು ವ್ಯಾಪಾರಿಗಳೇ ಆಗಿರಬೇಕು. ಆದರೂ ಗಾಡಿ ನಿಲ್ಲಿಸುವ ಜಾಗದ ಚಿಂತೆ ತಪ್ಪಿಲ್ಲ.

2025ರ ಜುಲೈನಲ್ಲಿ ಯುಪಿಐ ಪಾವತಿಯ ಲೆಕ್ಕ ಆಧರಿಸಿ ವಾಣಿಜ್ಯ ತೆರಿಗೆ ಇಲಾಖೆಯು ಸಣ್ಣ ಅಂಗಡಿಗಳಿಗೆ ಜಿಎಸ್‌ಟಿ ನೋಟಿಸ್ ನೀಡಿದಾಗ ನಗರದ ಅನೇಕ ಬೇಕರಿ, ಟೀ ಅಂಗಡಿಗಳು ಕ್ಯೂಆರ್ ಫಲಕ ತೆಗೆದು ‘ನಗದು ಮಾತ್ರ’ ಎಂದು ಬರೆದುಹಾಕಿದವು. ಹಳೆಯ ಬಾಕಿ ವಸೂಲಿ ಮಾಡುವುದಿಲ್ಲವೆಂದು ಮುಖ್ಯಮಂತ್ರಿ ಭರವಸೆ ನೀಡಿದ ಬಳಿಕ ಮುಷ್ಕರದ ಕರೆ ಹಿಂದಕ್ಕೆ ಹೋಯಿತು. ಕೈಯಲ್ಲಿ ಒಂದಿಷ್ಟು ಚಿಲ್ಲರೆ ಇಟ್ಟುಕೊಂಡು ಹೊರಡುವುದು ಗಿರಾಕಿಗಳಿಗೆ ಒಳ್ಳೆಯದು.

ಇನ್ನು ತೀರಾ ಕಡಿಮೆ ಆದಾಯದವರಿಗೆ 2017ರ ಆಗಸ್ಟ್‌ನಲ್ಲಿ ಆರಂಭವಾದ ಇಂದಿರಾ ಕ್ಯಾಂಟೀನ್ ಆಸರೆಯಾಯಿತು. ರಾತ್ರಿ ಊಟಕ್ಕೆ 10 ರೂ. ದರ, ಸಂಜೆ 7.30ರಿಂದ 8.30ರ ವೇಳೆ ಗೊತ್ತುಪಡಿಸಲಾಗಿತ್ತು. ತಡರಾತ್ರಿಯ ಪಾಳಿಯವರಿಗೆ ಆ ವೇಳೆ ಎಟುಕುವುದಿಲ್ಲ.

ಬಣ್ಣದ ಬಗ್ಗೆ ಎಚ್ಚರ

ತಿನ್ನುವವರು ತಿಳಿದಿರಬೇಕಾದ ಮತ್ತೊಂದು ಸಂಗತಿ ಕೃತಕ ಬಣ್ಣದ್ದು. 2024ರ ಮಾರ್ಚ್‌ನಲ್ಲಿ ರಾಜ್ಯದ ಆರೋಗ್ಯ ಇಲಾಖೆ ಗೋಬಿ ಮಂಚೂರಿಯ 171 ಮಾದರಿಗಳನ್ನು ಪರೀಕ್ಷಿಸಿದಾಗ 107 ಅಸುರಕ್ಷಿತವೆಂದು ಕಂಡುಬಂದವು. ಗೋಬಿ ಮಂಚೂರಿಯಲ್ಲಿ ಕೃತಕ ಬಣ್ಣ ಹಾಗೂ ಬಾಂಬೆ ಮಿಠಾಯಿಯಲ್ಲಿ ರೋಡಮೈನ್–ಬಿ ಬಳಕೆಯನ್ನು ನಿಷೇಧಿಸಲಾಯಿತು. ಜೂನ್‌ನಲ್ಲಿ ಕಬಾಬ್‌ನ 39 ಮಾದರಿಗಳ ಪೈಕಿ 8 ಅಸುರಕ್ಷಿತವೆಂದು ತಿಳಿದು ಅದಕ್ಕೂ ಕೃತಕ ಬಣ್ಣ ಬಳಸದಂತೆ ಆದೇಶಿಸಲಾಯಿತು. ಕೈಗೆ ಅಂಟುವ ಕೆಂಪು, ಕಣ್ಣು ಕುಕ್ಕುವ ಕಿತ್ತಳೆ ಬಣ್ಣ ಕಂಡರೆ ತಟ್ಟೆ ಹಿಂದಿರುಗಿಸಲು ಸಂಕೋಚ ಬೇಡ.

ಮನೆಗೆ ಮರಳುವ ದಾರಿ

ರಾತ್ರಿ ಊಟದ ನಿಜವಾದ ಮಿತಿ ಇರುವುದು ಇಲ್ಲಿ. ಹಸಿರು ಮಾರ್ಗದ ರೈಲು 2014ರ ಮಾರ್ಚ್‌ನಲ್ಲಿ ರಾಜಾಜಿನಗರ ಮುಟ್ಟಿತು. ನೇರಳೆ ಮಾರ್ಗ 2015ರ ನವೆಂಬರ್‌ನಲ್ಲಿ ವಿಜಯನಗರವನ್ನು, 2021ರ ಆಗಸ್ಟ್‌ನಲ್ಲಿ ಕೆಂಗೇರಿಯನ್ನು, 2023ರ ಅಕ್ಟೋಬರ್‌ನಲ್ಲಿ ಚಲ್ಲಘಟ್ಟವನ್ನು ತಲುಪಿತು. ಬಸವೇಶ್ವರನಗರದ ಒಳಭಾಗಕ್ಕೆ ಮಾತ್ರ ಇನ್ನೂ ಮೆಟ್ರೋ ಇಲ್ಲ. ಕೊನೆಯ ರೈಲುಗಳು ತುದಿ ನಿಲ್ದಾಣಗಳಿಂದ ರಾತ್ರಿ 11ರ ಆಸುಪಾಸಿನಲ್ಲಿ, ಮೆಜೆಸ್ಟಿಕ್‌ನಿಂದ 11.30ರ ಸುಮಾರಿಗೆ ಹೊರಡುತ್ತವೆ. ಹೊಸ ವರ್ಷದ ಮುನ್ನಾದಿನದಂತಹ ವಿಶೇಷ ಸಂದರ್ಭಗಳಲ್ಲಷ್ಟೇ ಸಂಚಾರ ವಿಸ್ತರಣೆಯಾಗುತ್ತದೆ. ಬಿಎಂಟಿಸಿ ಬಸ್ಸುಗಳು ಹನ್ನೊಂದರ ನಂತರ ವಿರಳ. 2023ರ ಜೂನ್‌ನಿಂದ ಮಹಿಳೆಯರಿಗೆ ಉಚಿತ ಪ್ರಯಾಣದ ಶಕ್ತಿ ಯೋಜನೆ ಇದ್ದರೂ ಬಸ್ಸೇ ಇಲ್ಲದ ಹೊತ್ತಿನಲ್ಲಿ ಅದರಿಂದ ಪ್ರಯೋಜನವಿಲ್ಲ. ಮೈಸೂರು ಕಡೆಗೆ ಹೋಗುವವರಿಗೆ ಮೈಸೂರು ರಸ್ತೆಯ ಸ್ಯಾಟಲೈಟ್ ನಿಲ್ದಾಣದಲ್ಲಿ ತಡರಾತ್ರಿಯೂ ಕೆಎಸ್ಆರ್‌ಟಿಸಿ ಬಸ್ಸು ಸಿಗುತ್ತದೆ.

ಉಳಿದ ದಾರಿ ಆಟೋ. 2025ರ ಆಗಸ್ಟ್‌ನಿಂದ ಜಾರಿಗೆ ಬಂದ ದರದಂತೆ ಮೊದಲ 2 ಕಿ.ಮೀ.ಗೆ 36 ರೂ., ನಂತರದ ಪ್ರತಿ ಕಿ.ಮೀ.ಗೆ 18 ರೂ. ರಾತ್ರಿ 10ರಿಂದ ಬೆಳಿಗ್ಗೆ 5ರವರೆಗೆ ಒಂದೂವರೆ ಪಟ್ಟು. ರಾಜಾಜಿನಗರದಿಂದ ಕೆಂಗೇರಿಗೆ 15 ಕಿ.ಮೀ. ಎಂದಿಟ್ಟುಕೊಂಡರೆ ಹಗಲಿನಲ್ಲಿ 270 ರೂ. ಆಗುವ ಪ್ರಯಾಣಕ್ಕೆ ರಾತ್ರಿ 405 ರೂ. ತೆರಬೇಕು. ಅದೂ ಮೀಟರ್ ಹಾಕಿದರೆ! ಅದೇ ದೂರಕ್ಕೆ ಮೆಟ್ರೋದಲ್ಲಿ ಅತಿ ಹೆಚ್ಚೆಂದರೆ 90 ರೂ. ಸಾಕು. ತುರ್ತು ನೆರವಿಗೆ 112ಕ್ಕೆ ಕರೆ ಮಾಡಬಹುದು.

ಕಾರು ಇರುವ ಗಿರಾಕಿಗೆ ಈ ಲೆಕ್ಕ ಅಷ್ಟೇನೂ ತಟ್ಟದು. ತಟ್ಟುವುದು ಅಡುಗೆಯವರಿಗೆ, ಬಡಿಸುವವರಿಗೆ, ಪಾತ್ರೆ ತೊಳೆಯುವವರಿಗೆ. 1 ಗಂಟೆಗೆ ಹೋಟೆಲ್ ಮುಚ್ಚಿದರೆ ಒಲೆ ಒರೆಸಿ, ನೆಲ ತೊಳೆದು ಅವರು ಹೊರಬೀಳುವುದು ಎರಡಕ್ಕೆ. ಮೊದಲ ರೈಲು ಬರುವುದು ಬೆಳಗಿನ 5ರ ಸುಮಾರಿಗೆ. ನಡುವಿನ ಮೂರು ಗಂಟೆಯನ್ನು ಹೋಟೆಲಿನ ಹಿಂಬದಿಯ ಚಾಪೆಯ ಮೇಲೋ, ದಿನದ ಕೂಲಿಯ ದೊಡ್ಡ ಪಾಲನ್ನು ಆಟೋಗೆ ಕೊಟ್ಟೋ ಕಳೆಯಬೇಕು.

ರಾತ್ರಿ ವಹಿವಾಟಿನ ಅವಧಿಯನ್ನು ಒಂದು ಅಧಿಸೂಚನೆಯಿಂದ ಹೆಚ್ಚಿಸಬಹುದು. ಅದಕ್ಕೆ ತಕ್ಕಂತೆ ರೈಲು, ಬಸ್ಸು ಹೆಚ್ಚಿಸಲು ಹಣವೂ ಸಂಕಲ್ಪವೂ ಬೇಕು. ವಾರಾಂತ್ಯದಲ್ಲಾದರೂ ಮೆಟ್ರೋ ಒಂದು ಗಂಟೆ ಹೆಚ್ಚು ಓಡಿದರೆ, ಮಾಗಡಿ ರಸ್ತೆ ಮತ್ತು ಮೈಸೂರು ರಸ್ತೆಯಲ್ಲಿ ತಡರಾತ್ರಿಯ ನಾಲ್ಕು ಬಸ್ಸುಗಳು ಖಚಿತವಾಗಿ ಬಂದರೆ, 1 ಗಂಟೆಯ ಅನುಮತಿಯು ಉಣ್ಣುವವರ ಜೊತೆಗೆ ಉಣಬಡಿಸುವವರಿಗೂ ಅನುಕೂಲವಾದೀತು. ಅಲ್ಲಿಯವರೆಗೆ ಪಶ್ಚಿಮ ಬೆಂಗಳೂರಿನ ಬಹುಪಾಲು ಜನರ ರಾತ್ರಿ ಊಟ ಹನ್ನೊಂದಕ್ಕೇ ಮುಗಿಯಲಿದೆ.